ಅತ್ತೆ ‘ಅವು’ ಎನ್ನುತ್ತಿದ್ದ ಹಲಸು

ಆ ಎರಡು ಹಲಸಿನ ಹಣ್ಣುಗಳನ್ನು ನಮ್ಮ ಜಗಲಿಯಲ್ಲಿ ಕೊಯ್ದ ದಿನ ನಾನು ಅಲ್ಲಿದ್ದೆನೋ ಇಲ್ಲವೋ ಎಂಬುದು ಇವತ್ತಿಗೂ ನನಗೆ ಖಚಿತವಿಲ್ಲ. ಇದ್ದೆ ಎಂದೇ ಬಹಳ ವರ್ಷ ಹೇಳಿಕೊಂಡು ಬಂದಿದ್ದೇನೆ. ನೆಲಕ್ಕೆ ಹಾಸಿದ ಗೋಣಿ, ಕೈಗೆ ಹಚ್ಚಿಕೊಂಡ ತೆಂಗಿನೆಣ್ಣೆ, ಕತ್ತಿಗೆ ಅಂಟಿದ ಮೇಣವನ್ನು ಅಪ್ಪ ನಾರಿನಿಂದ ಉಜ್ಜಿದ್ದು, ಎಲ್ಲವೂ ಕಣ್ಣಿಗೆ ಕಟ್ಟಿದಂತಿದೆ. ಆದರೆ ಹಲಸು ಕೊಯ್ಯುವಾಗ ಗೋಣಿ, ಎಣ್ಣೆ, ಮೇಣ ಪ್ರತಿ ಸಲವೂ ಇರುತ್ತವೆ. ಬೇರೆ ಯಾವುದೋ ದಿನದ ಗೋಣಿಯನ್ನು ಎಳೆದು ತಂದು ಈ ದಿನದ ಅಡಿಗೆ ನಾನೇ ಹಾಸಿಕೊಂಡಿರಬಹುದು. ಅಣ್ಣನನ್ನು ಕೇಳಿದರೆ, “ನೀನು ಆಗ ಇಲ್ಲಿ ಇರಲೇ ಇಲ್ಲ ಮಾರಾಯ. ಹೋಗಿ ಎರಡು ದಿನ ಆಗಿತ್ತು. ನಾನಲ್ವಾ ನಿನಗೆ ಕಾಗದ ಬರೆದದ್ದು” ಎನ್ನುತ್ತಾನೆ. ಆ ಕಾಗದ ನನ್ನ ಬಳಿ ಇಲ್ಲ. ಕಾಗದದಲ್ಲಿ ಓದಿದ್ದನ್ನೇ ಕಂಡದ್ದೆಂದು ನಂಬಿಕೊಂಡೆನೇ? ಅಥವಾ ಬರೆದ ನೆನಪು ಇರುವುದರಿಂದ ಅಣ್ಣ ನನ್ನನ್ನು ಜಗಲಿಯಿಂದ ಹೊರಗೆ ಕಳಿಸಿದ್ದಾನೇ?

ಇದು ಹೀಗೇ ಇರಲಿ. ಸಂಶಯವಿಲ್ಲದ ಕಡೆಯಿಂದ ಶುರು ಮಾಡುತ್ತೇನೆ.

ನಮ್ಮದು ಹಣ್ಣಿನ ತೋಟ. ಪುತ್ತೂರಿನಿಂದ ಕಡಬದ ಕಡೆಗೆ ಹೋಗುವಾಗ ಕೊಯಿಲದಲ್ಲಿ ಇಳಿದು ಒಳಗೆ ನಡೆಯಬೇಕು. ಮುರಕಲ್ಲಿನ ಗುಡ್ಡ. ಅಡಿಕೆಗೆ ಬೇಕಾದಷ್ಟು ನೀರು ಅಲ್ಲಿ ಯಾವತ್ತೂ ಇರಲಿಲ್ಲ. ಆದ್ದರಿಂದ ಅಜ್ಜ ಗುಡ್ಡದ ಮೈಗೆ ಹಲಸು, ಮಾವು, ಪುನರ್ಪುಳಿ ಹಾಕಿದ್ದ. ಅಪ್ಪ ಅದರ ಬುಡದ ಖಾಲಿ ಜಾಗಕ್ಕೆ ಅನಾನಸು ತಂದ. ತಗ್ಗಿನಲ್ಲಿ ಒಂದು ಕೆರೆ, ಅದರ ಸುತ್ತ ಬಾಳೆ. ಅಡಿಕೆ ತೋಟದ ನೆಂಟರು ನಮ್ಮನ್ನು ‘ಗುಡ್ಡೆಯವರು’ ಎನ್ನುತ್ತಿದ್ದರು. ಹೇಳುವ ಧಾಟಿಯಲ್ಲಿ ಸ್ವಲ್ಪ ಕನಿಕರ ಇರುತ್ತಿತ್ತು. ಆದರೆ ಮೇ ತಿಂಗಳು ಬಂದರೆ ಅವರೆಲ್ಲ ಗುಡ್ಡ ಹತ್ತುತ್ತಿದ್ದರು.

ವರ್ಷ ನಮಗೆ ಜನವರಿಯಲ್ಲಿ ಶುರುವಾಗುತ್ತಿರಲಿಲ್ಲ, ಯುಗಾದಿಗೂ ಅಲ್ಲ. ಮಾವಿನ ಹೂವಿಗೆ ಹೊಗೆ ಹಾಕುವ ದಿನ ಶುರುವಾಗುತ್ತಿತ್ತು. ಚಳಿಯಲ್ಲಿ ಬೆಳಿಗ್ಗೆ ಬೇಗ ಎದ್ದು ಮರದ ಬುಡದಲ್ಲಿ ಹಸಿ ಸೊಪ್ಪು, ತರಗೆಲೆ ಒಟ್ಟಿ ಬೆಂಕಿ ಕೊಟ್ಟರೆ ಹೊಗೆ ಏಳುವುದಕ್ಕೆ ಬಹಳ ಹೊತ್ತು ಹಿಡಿಯುತ್ತಿತ್ತು. ಅದರಿಂದ ಹುಳ ನಿಜವಾಗಿ ಹೋಗುತ್ತಿತ್ತೇ ಎಂದು ನಾನು ಒಮ್ಮೆ ಅಪ್ಪನನ್ನು ಕೇಳಿದ್ದೆ. “ಹುಳ ಹೋಗ್ತದೋ ಗೊತ್ತಿಲ್ಲ. ನಿದ್ದೆ ಹೋಗ್ತದೆ” ಎಂದಿದ್ದ. ಹೂವು ಕಾಯಿಯಾಗುವ ಹೊತ್ತಿಗೆ ಹಲಸಿನ ಎಳೆಯ ಕಾಯಿ, ನಮ್ಮ ಕಡೆ ಗುಜ್ಜೆ ಎನ್ನುವುದು, ಪಲ್ಯಕ್ಕೆ ಬರುತ್ತಿತ್ತು. ಆಮೇಲೆ ಮಾವಿನ ಮಿಡಿ. ಬಿಸಿಲು ಸುಡುವ ಏಪ್ರಿಲಿನಲ್ಲಿ ಅಂಗಳ ತುಂಬ ಹಪ್ಪಳದ ಚಾಪೆಗಳು. ಚಾಪೆಗಳ ನಡುವೆ ಕಾಲಿಡಲು ಬಿಟ್ಟ ದಾರಿ ಎಷ್ಟು ಸಪೂರವೆಂದರೆ ಅಂಚೆಯವನೂ ಬೇಲಿಯ ಹತ್ತಿರ ನಿಂತೇ ಕೂಗುತ್ತಿದ್ದ. ಕಾಟು ಮಾವಿನ, ಅಂದರೆ ಕಾಡು ಮಾವಿನ, ರಸವನ್ನು ದಿನಕ್ಕೊಂದು ಪದರದಂತೆ ಚಾಪೆಗೆ ಸುರಿದು ಒಣಗಿಸುವ ಮಾಂಬಳದ ಕೆಲಸವೂ ಆಗಲೇ. ಮೊದಲ ಮಳೆ ಬಿದ್ದ ಮೇಲೆ ಹಲಸಿನ ಹಣ್ಣಿಗೆ ನೀರು ಹತ್ತಿ ರುಚಿ ಸಪ್ಪೆಯಾಗುತ್ತದೆ. ಅದಕ್ಕೆ ಮೊದಲೇ ಬೆಳೆದ ಕಾಯಿಯ ಸೊಳೆ ಬಿಡಿಸಿ ಉಪ್ಪುನೀರಿನ ಭರಣಿಗೆ ತುಂಬಬೇಕು. ಮಳೆ ಹಿಡಿದ ಮೇಲೆ ಅನಾನಸು. ಅದರ ಮುಳ್ಳೆಲೆ ಗೀಚಿದ ಮೊಣಕಾಲಿನ ಉರಿ ಆರುವಾಗ ತುಳುವರ ಸೋಣ ತಿಂಗಳು, ಅಂದರೆ ಆಗಸ್ಟಿನ ನಡು, ಬಂದಿರುತ್ತಿತ್ತು.

ಈ ಎಲ್ಲ ಕೆಲಸದ ಯಜಮಾನಿಕೆ ಅಪ್ಪನದೆಂದು ಹೊರಗಿನವರು ತಿಳಿದಿದ್ದರು. ನಿಜವಾಗಿ ಅದು ಅತ್ತೆಯದು. ಅಪ್ಪನ ಅಕ್ಕ. ಮದುವೆಯಾಗಿ ಸಂಪಾಜೆಯ ಕಡೆಗೆ ಹೋದವಳು, ಕೆಲವೇ ವರ್ಷಗಳಲ್ಲಿ ಗಂಡನನ್ನು ಕಳೆದುಕೊಂಡು ತವರಿಗೆ ಹಿಂದಿರುಗಿದ್ದಳು. ನಮ್ಮ ಅಮ್ಮ ನಾನು ಸಣ್ಣವನಿದ್ದಾಗಲೇ ತೀರಿಕೊಂಡ ಮೇಲೆ ಮನೆಯೂ ತೋಟವೂ ಅತ್ತೆಯ ಕೈಯಲ್ಲೇ ಇದ್ದವು. ಯಾವ ಮರದಿಂದ ಯಾವಾಗ ಇಳಿಸಬೇಕು ಎಂಬುದನ್ನು ಅವಳು ಕೆಳಗೆ ನಿಂತು, ಕೋಲು ತೋರಿಸಿ ಹೇಳುತ್ತಿದ್ದಳು. ಮರ ಹತ್ತಿ ಹಗ್ಗದಲ್ಲಿ ಹಣ್ಣು ಇಳಿಸುತ್ತಿದ್ದ ಕೆಲಸದಾತ ಅವಳ ಕೋಲಿನ ತುದಿಯನ್ನು ನೋಡುತ್ತಿದ್ದನೇ ಹೊರತು ಅಪ್ಪನ ಮುಖವನ್ನಲ್ಲ.

ಮನೆಯ ಮೇಲ್ಬದಿಯಲ್ಲಿ ಒಂದು ದೊಡ್ಡ ಹಲಸಿನ ಮರವಿತ್ತು. ಹಲಸಿನಲ್ಲಿ ಎರಡು ಜಾತಿ. ಸೊಳೆ ಗಟ್ಟಿಯಾಗಿ, ಕಚ್ಚಿದರೆ ಕಟುಂ ಎನ್ನುವುದು ಬಕ್ಕೆ. ಬಾಯಲ್ಲಿಟ್ಟರೆ ಜಾರಿ ಇಳಿಯುವ ಮೆತ್ತನೆಯದು ತುಳುವ. ನೆಂಟರಿಗೆ ಕೊಡುವುದು ಬಕ್ಕೆ. ತುಳುವದ ರಸ ಹಿಂಡಿ ಅಕ್ಕಿ, ಬೆಲ್ಲ ಸೇರಿಸಿ ಬಾಳೆಲೆಯಲ್ಲಿ ಬೇಯಿಸಿದ ಗಟ್ಟಿಯನ್ನು ಮನೆಯವರು ತಿನ್ನುವುದು. ಈ ಮರ ಬಕ್ಕೆ ಎಂದು ಊರಿಗೆಲ್ಲ ಹೆಸರು. ಸಂಪಾಜೆಯಲ್ಲಿ ನನ್ನ ಅಕ್ಕನ ಗಂಡ, ನಮ್ಮ ಭಾವ, ವರ್ಷಕ್ಕೊಮ್ಮೆ ಅದರ ಹಣ್ಣನ್ನು ಕಾದು ಕೂರುತ್ತಿದ್ದ.

ಅತ್ತೆ ಮಾತ್ರ ಆ ಮರವನ್ನು ‘ಅದು’ ಎಂದು ಕರೆದದ್ದನ್ನು ನಾನು ಕೇಳಿಲ್ಲ. ‘ಅವು’ ಎನ್ನುತ್ತಿದ್ದಳು. “ಅವು ಈ ಸಲ ಚೆಂದ ಕಾಯಿ ಬಿಟ್ಟಿದ್ದಾವೆ.” “ಅವಕ್ಕೆ ಬುಡಕ್ಕೆ ಸೊಪ್ಪು ಹಾಕ್ಬೇಕು.” ಹಣ್ಣುಗಳನ್ನು ಕುರಿತು ಹೇಳುತ್ತಾಳೆಂದು ನಾವು ಅಂದುಕೊಂಡಿದ್ದೆವು. ಇಲ್ಲವೇ ಹಳಬರ ಮಾತಿನ ಒಂದು ರೂಢಿ. ಮದ್ರಾಸಿನಲ್ಲಿ ಸಸ್ಯಶಾಸ್ತ್ರ ಓದಿ ಪರೀಕ್ಷೆ ಮುಗಿಸಿ ಊರಿಗೆ ಬಂದ ಬೇಸಗೆಯಲ್ಲಿ ನಾನು ಅವಳನ್ನು ತಿದ್ದಿದ್ದೆ. “ಅತ್ತೆ, ಮರ ಒಂದೇ ಅಲ್ವಾ? ಅದು ಅನ್ನಬೇಕು.” ಅವಳು ಭರಣಿಯ ಬಾಯಿಗೆ ಬಟ್ಟೆ ಕಟ್ಟುತ್ತಿದ್ದಳು. “ಹೌದಾ?” ಎಂದಳು. ಅಷ್ಟೇ.

ಅದು ಐವತ್ತರ ದಶಕದ ಕೊನೆಯ ಯಾವುದೋ ಬೇಸಗೆ. ಆ ಬೇಸಗೆಯಲ್ಲೇ ಅತ್ತೆ ಕೆರೆಯ ಮೆಟ್ಟಿಲಲ್ಲಿ ಜಾರಿ ಕಾಲು ಉಳುಕಿಸಿಕೊಂಡು ಮಲಗಿದಳು. ಸಂಪಾಜೆಗೆ ಹಣ್ಣು ಕಳಿಸುವ ಹೊತ್ತಾಗಿತ್ತು. ನಾನೇ ನೋಡಿಕೊಳ್ಳುತ್ತೇನೆ ಎಂದೆ. ಒಳಗಿನಿಂದ ಅವಳು ಏನೋ ಕೂಗಿ ಹೇಳಿದಳು. ‘ಮೂಡು ಬದಿಯದ್ದು’ ಎಂದಳೆಂದು ಈಗ ನನಗನ್ನಿಸುತ್ತದೆ. ಆಗ ಅದು ಕಿವಿಗೆ ಬಿದ್ದಿತ್ತೋ, ಆಮೇಲೆ ಸೇರಿಸಿಕೊಂಡದ್ದೋ ಹೇಳಲಾರೆ. ಕೆಲಸದಾತ ಮರದ ಪೂರ್ವದ ಕೊಂಬೆಯತ್ತ ಹೊರಟವನು ನಿಂತು ನನ್ನ ಮುಖ ನೋಡಿದ. ಪಡುವಣ ಬದಿಯ ಕೊಂಬೆಯಲ್ಲಿ ಕೈಗೆ ಎಟುಕುವಂತೆ ಒಂದು ಒಳ್ಳೆಯ ಕಾಯಿ ಇತ್ತು. “ಅದೇ ಸಾಕು. ಒಂದೇ ಮರ, ಎಲ್ಲಿಯದಾದರೆ ಎಂತ?” ಎಂದೆ. ಅವನು ತಲೆ ಕೆರೆದುಕೊಂಡು, “ಹಾಗಾದರೆ ಹಾಗೆ” ಎಂದು ಇಳಿಸಿಕೊಟ್ಟ. ಬೆಳೆದ, ಇನ್ನೂ ಹಣ್ಣಾಗದ ಕಾಯಿ. ಆ ಹಂತದಲ್ಲಿ ಹೊರಗಿನಿಂದ ಮುಟ್ಟಿ ಜಾತಿ ಹೇಳುವುದು ಕಷ್ಟ. ಗೋಣಿಯಲ್ಲಿ ಕಟ್ಟಿ, ಪುತ್ತೂರಿಗೆ ಒಯ್ದು, ಸುಳ್ಯದ ಮೇಲೆ ಮಡಿಕೇರಿಗೆ ಹೋಗುವ ಬಸ್ಸಿನ ತಲೆಯ ಮೇಲೆ ಹಾಕಿಸಿದೆ.

ಎರಡು ವಾರ ಬಿಟ್ಟು ಭಾವ ಬಂದ. ಚಪ್ಪಲಿ ಬಿಡುವ ಮೊದಲೇ ಅಪ್ಪನನ್ನು ನೋಡಿ ಹೇಳಿದ:

“ಮಾವ, ಈ ಸಲದ ನಿಮ್ಮ ಬಕ್ಕೆಯನ್ನು ನಾವು ಲೋಟದಲ್ಲಿ ಕುಡಿದೆವು ಮಾರಾಯ್ರೆ.”

ಅಪ್ಪನಿಗೆ ಅರ್ಥವಾಗಲಿಲ್ಲ.

“ಎಂತ ಹೇಳುದು ನೀವು?”

“ಘಟ್ಟದ ಮೇಲಿನಿಂದ ನಾಲ್ಕು ಜನ ನೆಂಟರು ಬಂದಿದ್ರು. ಪುತ್ತೂರಿನ ಕಡೆಯ ಬಕ್ಕೆ, ಹಲ್ಲು ಗಟ್ಟಿ ಇದ್ದವರು ಮುಂದೆ ಬನ್ನಿ ಅಂತ ನಾನೇ ಜಂಬ ಕೊಚ್ಚಿದ್ದು. ಕೊಯ್ದರೆ ಕೈಗೆ ನಿಲ್ಲಬೇಕಲ್ಲ! ಒಬ್ಬರು ಕೇಳಿದ್ರು, ಇದಕ್ಕೆ ಹಲ್ಲು ಎಂತಕ್ಕೆ, ಚಮಚ ಉಂಟಾ ಅಂತ.”

ನಾನು ನಕ್ಕೆ. ಅಣ್ಣನೂ ನಕ್ಕ. ಅಪ್ಪ ನಗಲಿಲ್ಲ. ಕೊಟ್ಟ ಹಣ್ಣು ಹಾಗಾಯಿತೆಂದರೆ ಅವನಿಗೆ ಕೊಟ್ಟ ಮಾತು ಹಾಗಾದ ಹಾಗೆ. ಊಟವಾದ ಮೇಲೆ ಅಂಗಳದಲ್ಲಿ ನಿಂತು ಬಹಳ ಹೊತ್ತು ಮರವನ್ನು ನೋಡಿದ. “ಮರಕ್ಕೆ ವಯಸ್ಸಾಯಿತು. ಜಾತಿ ಕೆಟ್ಟಿದೆ” ಎಂದ. ಹಣ್ಣು ಇಡುವ ಹೊಸ ಕೋಣೆಗೆ ಬಾಗಿಲು ಆಗಬೇಕಿತ್ತು. ಬಡಗಿ ಆ ಮರದ ಮೇಲೆ ಮೊದಲೇ ಕಣ್ಣಿಟ್ಟಿದ್ದ. ಮಳೆ ಹಿಡಿಯುವ ಮೊದಲು ಕಡಿಸುವುದೆಂದು ಅಪ್ಪ ತೀರ್ಮಾನಿಸಿದ.

ಅತ್ತೆಗೆ ಗೊತ್ತಾದದ್ದು ಮಾರನೆಯ ಬೆಳಿಗ್ಗೆ. ಗೋಡೆ ಹಿಡಿದುಕೊಂಡು ಜಗಲಿಗೆ ಬಂದು ಕುಳಿತಳು.

“ತಮ್ಮ, ಅವನ್ನು ಕಡಿಯುದು ಬೇಡ. ಅವು ಕೆಡಲಿಲ್ಲ. ನಿನ್ನ ಮಗ ಪಡು ಬದಿಯಿಂದ ತೆಗೆದದ್ದು. ಮೂಡು ಬದಿ ಬಕ್ಕೆ, ಪಡು ಬದಿ ತುಳುವ. ಯಾವಾಗಲೂ ಹಾಗೇ ಇದ್ದದ್ದು.”

ನಾನು ಬಾಯಿ ಹಾಕಿದೆ. “ಅತ್ತೆ, ಒಂದು ಮರದಲ್ಲಿ ಎರಡು ಜಾತಿ ಇರುದಿಲ್ಲ.”

“ಒಂದು ಮರ ಅಂತ ನಿನಗೆ ಹೇಳಿದ್ದು ಯಾರು?”

“ಕಣ್ಣಿಗೆ ಕಾಣ್ತದಲ್ಲ.”

“ಕಣ್ಣಿಗೆ ಕಾಣುದನ್ನು ಹೇಳ್ಲಿಕ್ಕೆ ಮದ್ರಾಸಿಗೆ ಹೋಗ್ಬೇಕಿತ್ತಾ ಮಗ?”

ಭಾವ ಹೊಟ್ಟೆ ಹಿಡಿದುಕೊಂಡು ನಕ್ಕ. ಅತ್ತೆ ನಗದೆ ಹೇಳಿದಳು. ಅವಳು ಹತ್ತು ವರ್ಷದವಳಿದ್ದಾಗ, ಅಪ್ಪ ಹುಟ್ಟುವ ಮೊದಲು, ಅವಳ ಅಜ್ಜಿ ಒಂದು ಇಡೀ ಹಲಸಿನ ಹಣ್ಣನ್ನು ಗುಂಡಿಯಲ್ಲಿ ಹೂಳಿಸಿದ್ದಳು. ಬೀಜಗಳೆಲ್ಲ ಮೊಳೆತು ಗುಂಪಾಗಿ ಎದ್ದವು. ದಪ್ಪ ಬಿದಿರಿನ ಗಂಟು ಒಡೆದು ಕೊಳವೆ ಮಾಡಿ, ಒಳ್ಳೆಯ ಸಸಿಗಳನ್ನು ಅದರೊಳಗೆ ಒಟ್ಟಿಗೆ ತೂರಿಸಿ ಮೇಲಕ್ಕೆ ಬಿಟ್ಟರು. ಮಿಕ್ಕವೆಲ್ಲ ಸತ್ತವು. ಮೂರು ಉಳಿದವು. ಕೊಳವೆಯಲ್ಲಿ ಒತ್ತಿಕೊಂಡು ಬೆಳೆಯುತ್ತ ಮೈಗೆ ಮೈ ಕೂಡಿಕೊಂಡವು. ನೀರು ಹೊತ್ತದ್ದು ಅವಳು. ಮೊದಲ ಕಾಯಿ ಬರುವ ಮೊದಲೇ ಅವಳ ಮದುವೆಯಾಯಿತು. ತಿರುಗಿ ಬಂದಾಗ ಅವು ಹಣ್ಣು ಬಿಡುತ್ತಿದ್ದವು. ಯಾವ ಬದಿಯದು ಯಾವುದೆಂದು ತಿಂದು ತಿಳಿದುಕೊಂಡಳು. ನೆಂಟರಿಗೆ ಮೂಡು ಬದಿಯದು, ಅಡುಗೆಮನೆಗೆ ಪಡು ಬದಿಯದು. ಇಳಿಸುವುದು ತನ್ನದೇ ಕೆಲಸವಾದ್ದರಿಂದ ಯಾರಿಗೂ ಬಿಡಿಸಿ ಹೇಳುವ ಅಗತ್ಯ ಬಿದ್ದಿರಲಿಲ್ಲ.

ನಾನು ಓದಿದವನ ಸಹನೆಯಿಂದ ವಿವರಿಸಿದೆ. ಹಾಗೆ ನೆಟ್ಟ ಸಸಿಗಳಲ್ಲಿ ಬಲವಾದದ್ದು ಉಳಿದವನ್ನು ಮೇಲೇಳಗೊಡುವುದಿಲ್ಲ, ಕೊನೆಗೆ ಒಂದೇ ಉಳಿಯುತ್ತದೆ ಎಂದೆ. “ನೀವು ಆಗ ಸಣ್ಣವರು ಅತ್ತೆ. ನೆಟ್ಟದ್ದು ನೆನಪುಂಟು, ಸತ್ತದ್ದು ನೆನಪಿಲ್ಲ. ನೆನಪು ಹಾಗೇ.”

ಅವಳು ನನ್ನನ್ನು ನೋಡಲಿಲ್ಲ, ಅಪ್ಪನನ್ನು ನೋಡಿದಳು. ಅಪ್ಪ ಇಬ್ಬರ ನಡುವೆ ಸಿಕ್ಕಿಕೊಂಡಿದ್ದ. ಮಗನನ್ನು ಮದ್ರಾಸಿಗೆ ಕಳಿಸಿದವನು ಅವನು. ಅಕ್ಕನ ಮಾತಿಗೆ ಸಾಕ್ಷಿ ಹೇಳಲು ಅವನು ಹುಟ್ಟಿರಲಿಲ್ಲ.

“ನಾನು ಇಷ್ಟು ವರ್ಷ ಸುಳ್ಳು ಹೇಳಿಕೊಂಡು ಬಂದದ್ದಾ ಹಾಗಾದರೆ?” ಎಂದಳು ಅತ್ತೆ. ಸ್ವರ ಏರಲಿಲ್ಲ.

ಕೆಲಸದಾತ ಅಂಗಳದ ತುದಿಯಲ್ಲಿ ನಿಂತಿದ್ದ. “ಅಣ್ಣೇರೆ, ಮೇಲೆ ಹತ್ತಿದವನಿಗೆ ಗೊತ್ತಾಗ್ತದೆ” ಎಂದು ತುಳುವಿನಲ್ಲಿ ಸೇರಿಸಿದ: “ಉಂದು ರಡ್ಡ್ ಮರ.” ಇದು ಎರಡು ಮರ. ಅತ್ತೆ ಕೂಡಲೇ ತಿದ್ದಿದಳು: “ರಡ್ಡ್ ಅಲ್ಲ, ಮೂಜಿ.” ಮೂರು.

ಅಪ್ಪ ಕೊನೆಗೆ ಒಂದು ದಾರಿ ಹುಡುಕಿದ. ಎರಡೂ ಬದಿಯಿಂದ ಒಂದೊಂದು ಕಾಯಿ ಇಳಿಸಿ ಹುಲ್ಲಿನಲ್ಲಿಟ್ಟು ಹಣ್ಣು ಮಾಡುವುದು, ಎಲ್ಲರೆದುರು ಕೊಯ್ಯುವುದು. ಎರಡೂ ಒಂದೇ ಆದರೆ ಬಡಗಿಗೆ ಹೇಳಿಕಳಿಸುವುದು. ಅತ್ತೆ ಒಪ್ಪಿದಳು.

ಇಳಿಸಿದ್ದು ನನಗೆ ಸ್ಪಷ್ಟವಾಗಿ ನೆನಪಿದೆ. ಇದಕ್ಕೊಂದು ಆಧಾರವೂ ಇದೆ. ಗುರುತು ಹಾಕಿದ್ದು ನಾನೇ: ಮೂಡಿನ ಕಾಯಿಗೆ ಸುಣ್ಣದ ಒಂದು ಗೀಟು, ಪಡುವಿನದಕ್ಕೆ ಎರಡು. ಅನಾನಸಿನ ಮುಳ್ಳು ಗೀಚಿದ ಬೆರಳಿಗೆ ಸುಣ್ಣ ತಾಗಿ ಉರಿದು ಹಾರಿಬಿದ್ದಿದ್ದೆ. ಅಣ್ಣನೂ ಇದನ್ನು ಒಪ್ಪುತ್ತಾನೆ. ನನ್ನ ಹಾರಾಟವನ್ನು ಅವನು ಈಗಲೂ ಅಣಕಿಸುತ್ತಾನೆ.

ಅದಾದ ಮೇಲೆ ನಮ್ಮಿಬ್ಬರ ದಾರಿ ಬೇರೆಯಾಗುತ್ತದೆ. ನನಗೆ ಘಟ್ಟದ ಮೇಲಿನ ಒಂದು ಕಾಲೇಜಿನಲ್ಲಿ ಕೆಲಸ ಸಿಕ್ಕಿತ್ತು. ಜೂನ್ ತಿಂಗಳಲ್ಲಿ ಹೊರಟೆ. ಹೊರಡುವ ಮೊದಲೇ ಹಣ್ಣು ಕೊಯ್ದರು ಎಂದು ನಾನು, ಹೊರಟ ಮೇಲೆ ಎಂದು ಅವನು. ನನ್ನ ನೆನಪಿನಲ್ಲಿ ಅತ್ತೆ ಹಣ್ಣಿನ ಕಡೆ ನೋಡದೆ ಬಾಳೆಲೆ ಒರೆಸುತ್ತ ಕೂತಿದ್ದಾಳೆ. ಅಣ್ಣ ಹೇಳುವಂತೆ ಅವಳು ಜಗಲಿಗೆ ಬರಲೇ ಇಲ್ಲ, ಒಳಗಿನಿಂದ “ಆಯ್ತಾ?” ಎಂದು ಕೇಳಿದಳು. ಫಲಿತಾಂಶದಲ್ಲಿ ಮಾತ್ರ ತಕರಾರಿಲ್ಲ. ಒಂದು ಗೀಟಿನದು ಬಕ್ಕೆ. ಎರಡು ಗೀಟಿನದರೊಳಗೆ ಅಪ್ಪನ ಬೆರಳು ಮುಳುಗಿತು. “ಬಡಗಿಗೆ ಬೇರೆ ಮರ ನೋಡ್ಲಿಕ್ಕೆ ಹೇಳು” ಎಂದು ಅಪ್ಪ ಅಣ್ಣನಿಗೆ ಹೇಳಿದ. ಆ ಕೋಣೆಯ ಬಾಗಿಲು ಕೊನೆಗೆ ಬೇರೆ ಮರದ್ದೇ ಆಯಿತು.

ಮರ ಉಳಿಯಿತು. ನಾನು ನಂಬಲಿಲ್ಲ. ಎರಡು ಹಣ್ಣು ಪುರಾವೆಯಾಗುವುದಿಲ್ಲ. ಒಂದು ಹೆಚ್ಚು ಕಳಿತಿರಬಹುದು. ಒಂದಕ್ಕೆ ಮಳೆನೀರು ಹತ್ತಿರಬಹುದು. ಹುಲ್ಲಿನ ಕೋಣೆಯಲ್ಲಿ ಬೇರೆ ಹಣ್ಣುಗಳೂ ಇದ್ದವು. ಅತ್ತೆಯ ಮೇಲಿನ ಪ್ರೀತಿಯಿಂದ ಕೆಲಸದಾತ ಸುಣ್ಣ ಅಳಿಸಿ ಬೇರೊಂದಕ್ಕೆ ಹಚ್ಚಿರಬಹುದು ಎಂದೂ ಯೋಚಿಸಿದ್ದೆ. ಈ ಕೊನೆಯ ಯೋಚನೆಗಾಗಿ ನನಗೆ ಈಗ ನಾಚಿಕೆಯಾಗುತ್ತದೆ. ಮುಂದಿನ ರಜೆಯಲ್ಲಿ ಬಂದಾಗ ಇದನ್ನೆಲ್ಲ, ಕೆಲಸದಾತನ ವಿಷಯ ಬಿಟ್ಟು, ಅತ್ತೆಯೆದುರು ಒಂದೊಂದಾಗಿ ಬಿಡಿಸಿಟ್ಟೆ. ಅವಳು ಹಪ್ಪಳ ಮಗುಚುತ್ತ ಕೇಳಿಸಿಕೊಂಡಳು.

“ಮರ ಉಳಿಯಿತಲ್ಲ” ಎಂದಳು. “ನಿನ್ನನ್ನು ನಂಬಿಸುದು ಆಮೇಲೆ ನೋಡುವ.”

ಆ ‘ಆಮೇಲೆ’ ಬರಲಿಲ್ಲ. ಅರವತ್ತರ ದಶಕದುದ್ದಕ್ಕೂ ಬೇಸಗೆಗೆ ಬಂದಾಗಲೆಲ್ಲ ನಾನು ‘ಅದು’ ಎನ್ನುತ್ತಿದ್ದೆ, ಅವಳು ‘ಅವು’ ಎನ್ನುತ್ತಿದ್ದಳು. ಇಬ್ಬರೂ ಬಿಟ್ಟುಕೊಡಲಿಲ್ಲ, ಜಗಳವೂ ಆಡಲಿಲ್ಲ. ಅವಳ ಕೋಲು ತೋರಿಸುವ ಕೆಲಸ ಅಣ್ಣನ ಹೆಂಡತಿಗೆ, ನಮ್ಮ ಅತ್ತಿಗೆಗೆ, ಬಂತು. ಎರಡು ಬದಿಯ ವಿಷಯವನ್ನು ಅತ್ತಿಗೆಗೆ ಮೊದಲ ದಿನವೇ ಬಿಡಿಸಿ ಹೇಳಿದ್ದಳಂತೆ. ಸಂಪಾಜೆಗೆ ತುಳುವ ಮತ್ತೆ ಹೋಗಲಿಲ್ಲ. ಆದರೂ ಭಾವ ಪ್ರತಿ ವರ್ಷ ಗೋಣಿ ಬಿಚ್ಚುವ ಮೊದಲು ಒಂದು ಲೋಟ ಪಕ್ಕದಲ್ಲಿಟ್ಟುಕೊಳ್ಳುತ್ತಿದ್ದನೆಂದು ಅಕ್ಕ ನಗುತ್ತ ಹೇಳುತ್ತಿದ್ದಳು.

ಅತ್ತೆಯನ್ನು ಕೊನೆಯ ಸಲ ನೋಡಿದ್ದು ಒಂದು ಮಾರ್ಚ್ ತಿಂಗಳಲ್ಲಿ. ಜಗಲಿಯ ತುದಿಯಲ್ಲಿ ಕೂತು ಮೇಲಕ್ಕೆ ಕೈ ತೋರಿಸಿ, “ಅವು ಈ ಸಲ ತಡ” ಎಂದಳು. ನಾನು ಬರೀ “ಹೂಂ” ಎಂದೆ. ಆ ದಿನವಾದರೂ ತಿದ್ದಲಿಲ್ಲ ಎಂದು ನನ್ನ ನೆನಪು. ಇದಕ್ಕೆ ಸಾಕ್ಷಿ ಇಲ್ಲ. ಹಾಗಿದ್ದಿರಲಿ ಎಂಬ ಆಸೆ ನನಗಿರುವುದರಿಂದ ಇದನ್ನು ಹೆಚ್ಚು ನೆಚ್ಚಿಕೊಳ್ಳುವ ಹಾಗಿಲ್ಲ.

ಬಹಳ ವರ್ಷಗಳ ಮೇಲೆ, ಅಪ್ಪನೂ ಹೋದ ಮೇಲೆ, ಮಳೆಗಾಲದ ಮುಂಚಿನ ಗಾಳಿಗೆ ಮರದ ಪಡು ಬದಿ ಸೀಳಿ ಮನೆಯ ಮಾಡಿನತ್ತ ವಾಲಿತು. ಇಡುವ ಹಾಗಿರಲಿಲ್ಲ. ಕಡಿಸಿದ್ದೇನೆ ಎಂದು ಅಣ್ಣ ಬರೆದ. ಬುಡವನ್ನು ಕೀಳಿಸಬೇಡ, ನಾನು ಬರುತ್ತೇನೆ ಎಂದು ಉತ್ತರ ಬರೆದು, ಕಾಗದದ ಹಿಂದೆಯೇ ಹೊರಟೆ.

ಮೊಣಕಾಲೆತ್ತರಕ್ಕೆ ಕೊಯ್ದ ಬುಡ. ಮೇಲೆ ಗರಗಸದ ಹುಡಿ, ಒಣಗಿದ ಮೇಣ, ಕೆಸರು. ಹಲಸಿನಲ್ಲಿ ವರ್ಷದ ಬಳೆಗಳು ನಂಬುವಷ್ಟು ಸ್ಪಷ್ಟವಾಗಿ ಕಾಣುವುದಿಲ್ಲ. ಆದರೆ ಒಂದು ಗಿಡ ಒಂದೇ ನಡುವಿನಿಂದ ಸುತ್ತ ದಪ್ಪವಾಗುತ್ತದೆ, ಆ ನಡುವಿನ ತಿರುಳಿನ ಗುರುತು ಉಳಿಯುತ್ತದೆ. ಕೆರೆಯಿಂದ ನೀರು ತಂದು ಸುರಿದೆ. ತೆಂಗಿನ ನಾರಿನಿಂದ ಉಜ್ಜಿದೆ. ಅಣ್ಣ ಹಿಂದೆ ನಿಂತಿದ್ದ.

“ಎಂತ ನೋಡುದು?”

“ಎಣಿಸುದು.”

ಒದ್ದೆಯಾದ ಅರಸಿನ ಬಣ್ಣದ ಮರದ ಮೇಲೆ ಒಂದು ಕಪ್ಪು ಗೆರೆ ಮೂಡಿತು. ಒಳಗೇ ಸಿಕ್ಕಿಕೊಂಡ ಹಳೆಯ ತೊಗಟೆ. ಅದರಿಂದ ಕವಲೊಡೆದು ಇನ್ನೊಂದು ಗೆರೆ. ಗೆರೆಗಳು ಬುಡವನ್ನು ಹಂಚಿದ್ದವು, ಒಂದೊಂದು ಪಾಲಿನ ನಡುವೆ ಒಂದೊಂದು ತಿರುಳು. ನಾನು ಬೆರಳಿಟ್ಟು ಎಣಿಸಿದೆ. ಅಣ್ಣನಿಗೆ ಏನೂ ಹೇಳದೆ ಅವನಿಂದಲೂ ಎಣಿಕೆ ಮಾಡಿಸಿದೆ. ಮರುದಿನ ಬೆಳಿಗ್ಗೆ, ಬುಡ ಒಣಗಿದ ಮೇಲೆ ಹೋಗಿ ಮತ್ತೊಮ್ಮೆ ಎಣಿಸಿದೆ.

ಯಾವುದು ಬಕ್ಕೆ, ಯಾವುದು ತುಳುವ ಎಂಬುದನ್ನು ಆ ಬುಡ ಹೇಳಲಾರದು. ಹಣ್ಣು ಕೊಯ್ದ ದಿನ ನಾನು ಜಗಲಿಯಲ್ಲಿದ್ದೆನೇ ಎಂಬುದನ್ನೂ ಹೇಳಲಾರದು. ಎಣಿಸಿದಾಗಲೆಲ್ಲ ತಿರುಳು ಮೂರೇ ಇದ್ದವು; ಅವು ಮೂರು ಮರ.